ತುಕ್ಕು ಹಿಡಿದ ಪಿಕಪ್ ಕ್ಯಾಬಿನ್: ಪ್ಯಾಚ್, ಇಲ್ಲಿನ ಗುಜರಿ, ಘಟ್ಟದ ಮೇಲಿನ ಗುಜರಿ

ಕ್ಲಚ್ ಒತ್ತುವಾಗ ಹಿಮ್ಮಡಿ ಒಂದು ಇಂಚು ಕೆಳಗೆ ಹೋದ ಹಾಗಾಯಿತು. ಮಲ್ಪೆ ಬಂದರಿನಲ್ಲಿ ಮೀನು ತುಂಬಿಸಿ ಆಗಷ್ಟೇ ಹೊರಟಿದ್ದೆ. ಕಲ್ಮಾಡಿ ಹತ್ತಿರ ಗಾಡಿ ನಿಲ್ಲಿಸಿ ರಬ್ಬರ್ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು. ಇದು 2021ರ ಮಾತು. ಗಾಡಿ 2009ರ ಬೊಲೆರೊ ಪಿಕಪ್. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ತಗಡು ಮಾತ್ರ ಹಪ್ಪಳ.

ನಮ್ಮ ಮಳೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು. ಅದರ ಜೊತೆ ಸಮುದ್ರದ ಗಾಳಿ. ಆದರೆ ನನ್ನ ಕ್ಯಾಬಿನ್ ತಿಂದದ್ದು ಮಳೆಗಿಂತ ಜಾಸ್ತಿ ನಮ್ಮ ಕಾಲಿನ ನೀರು. ಬಂದರಿನಲ್ಲಿ ಐಸ್ ಕರಗಿದ ಉಪ್ಪು ನೀರಿನಲ್ಲಿ ನಿಂತು, ಅದೇ ಚಪ್ಪಲಿಯಲ್ಲಿ ಹತ್ತಿ ಕೂರುತ್ತೇವೆ. ಆ ನೀರು ಮ್ಯಾಟಿನ ಅಡಿ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ತಗಡು ಒಣಗುವುದೇ ಇಲ್ಲ.

ಕಂಪನಿಯ ಹೊಸ ಕ್ಯಾಬಿನ್ ಬೆಲೆ ಕೇಳಿದೆ. ಈ ಗಾಡಿ ಮಾರಿದರೆ ಬರುವ ದುಡ್ಡಿನ ಅರ್ಧಕ್ಕೆ ಹತ್ತಿರ ಇತ್ತು. ಆ ವಿಷಯ ಅಲ್ಲಿಗೇ ಬಿಟ್ಟೆ. ಮುಂದಿನ ಎರಡು ವರ್ಷದಲ್ಲಿ ಬೇರೆ ಮೂರು ದಾರಿ ನೋಡಿದೆ.

ಮೊದಲು ಪ್ಯಾಚ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಗಾಡಿ ಸುಮ್ನೆ ನಿಲ್ಲುವುದು ಆಗಲೇ, ತಗಡಿನ ಕೆಲಸ ಮಾಡಬಾರದ ಕಾಲವೂ ಅದೇ! ಮನೆಯ ಅಂಗಳದಲ್ಲಿ ಟಾರ್ಪಾಲ್ ಕಟ್ಟಿ, ಪರಿಚಯದ ಟಿಂಕರ್ ಒಬ್ಬರನ್ನು ಕರೆಸಿದೆ. ಕೊಳೆತ ಭಾಗ ಗ್ರೈಂಡರಿನಲ್ಲಿ ಕತ್ತರಿಸಿ 18 ಗೇಜ್ ಶೀಟ್ ಕೂರಿಸಿದರು. ನಮ್ಮಲ್ಲಿ ಇದ್ದದ್ದು ಮಾಮೂಲಿ ರಾಡ್ ವೆಲ್ಡಿಂಗ್ ಮೆಷಿನ್. ಹಳೆ ತಗಡು ಎಷ್ಟು ತೆಳ್ಳಗಾಗಿತ್ತು ಅಂದರೆ, ರಾಡ್ ಮುಟ್ಟಿಸಿದಲ್ಲಿ ತೂತು. ಒಂದು ತೂತು ಮುಚ್ಚಲು ಹೋಗಿ ಎರಡು. ಕೊನೆಗೆ ಸಿಓಟು ಮೆಷಿನ್ (ಗ್ಯಾಸ್ ಬಿಟ್ಟು ತೆಳು ತಂತಿಯಲ್ಲಿ ಬೆಸೆಯುವಂಥದ್ದು) ಬಾಡಿಗೆಗೆ ತಂದ ಮೇಲೆ ಕೆಲಸ ನೆಟ್ಟಗಾಯಿತು. ತೆಳು ತಗಡಿಗೆ ಅದೇ ಸರಿ. ಬ್ಯಾಟರಿ ವಯರ್ ಬಿಚ್ಚಿಟ್ಟೇ ವೆಲ್ಡಿಂಗ್ ಶುರು ಮಾಡಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳೂ ಇರಲಿ.

ಹನ್ನೊಂದು ದಿನ, ಇಪ್ಪತ್ತೆಂಟು ಸಾವಿರ. ಮಳೆಗಾಲದ ತೇವದಲ್ಲಿ ಬಣ್ಣಕ್ಕೆ ಹೊಳಪೇ ಬರಲಿಲ್ಲ, ಮಬ್ಬು ಮಬ್ಬು. ಅದು ಹೋಗಲಿ. ಮುಂದಿನ ಮಳೆಗಾಲ ಮುಗಿಯುವಾಗ ಪ್ಯಾಚ್ ಗಟ್ಟಿಯಾಗಿಯೇ ಇತ್ತು, ಅದರ ಸುತ್ತಲಿನ ಹಳೆ ತಗಡು ಹೋಗಿತ್ತು. ಬೆಸುಗೆಯ ಹಿಂಬದಿಯಲ್ಲಿ ಬಣ್ಣ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಹೊಸ ತುಕ್ಕು ಶುರುವಾಗುವುದು ಅಲ್ಲೇ. ಆದರೂ ಅದೇ ಟಿಂಕರ್ ಬಾಗಿಲಿನ ಕೆಳ ಅಂಚಿಗೆ ಹಾಕಿದ ಪ್ಯಾಚ್‌ಗಳಿಗೆ ಏನೂ ಆಗಿರಲಿಲ್ಲ. ಬಾಗಿಲು ಬಿಚ್ಚಿ ಮಗುಚಿ ಹಾಕಬಹುದು, ಎರಡೂ ಬದಿಗೆ ಪ್ರೈಮರ್ ಹೊಡೆಯಬಹುದು. ನೆಲಕ್ಕೆ ಅದು ಆಗುವುದಿಲ್ಲ.

ಅಷ್ಟರಲ್ಲಿ ಕ್ಯಾಬಿನ್ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕೂರುವ ಬೋಲ್ಟಿನ ಜಾಗವೂ ಮೆತ್ತಗಾಗಿತ್ತು. ಹಂಪ್ ಹತ್ತಿಸಿದರೆ ಬಾಗಿಲು ತಾನೇ ತೆರೆಯುತ್ತಿತ್ತು. ಮತ್ತೆ ಪ್ಯಾಚ್ ಹಾಕಿಸುತ್ತೇನೆ ಅಂದಾಗ ಹೆಂಡತಿಯ ತಮ್ಮ ಹೇಳಿದ, "ಭಾವ, ನೀವು ಇದಕ್ಕೆ ಇನ್ನು ಒಂದು ರೂಪಾಯಿ ಹಾಕ್ಬೇಡಿ. ಕ್ಯಾಬಿನ್ನೇ ಬದಲಿಸುವ." ಅವನು ಹೇಳಿದ್ದು ಸರಿ ಇತ್ತು. ಆದರೆ ನಾನು ಕ್ಯಾಬಿನ್ ತಂದ ಜಾಗ ಸರಿ ಇರಲಿಲ್ಲ.

ಮಂಗಳೂರು ಕಡೆಯ ಒಂದು ಗುಜರಿ ಅಂಗಡಿಯಲ್ಲಿ ಬಿಳಿ ಕ್ಯಾಬಿನ್ ಸಿಕ್ಕಿತು. ಬಾಗಿಲು, ಗಾಜು ಎಲ್ಲ ಸೇರಿ ಮೂವತ್ತೆರಡು ಸಾವಿರ. ಬಣ್ಣ ಮಿರಿ ಮಿರಿ. ಸಂಜೆ ಹೊತ್ತು, ತಿರುಗಿಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಮನೆಗೆ ತಂದು ಕ್ಯಾಬಿನ್ನಿನ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೆ ಒಳಗೆ ಹೋಯಿತು. ಒಳಗೆಲ್ಲ ಫೈಬರ್ ಬಟ್ಟೆ ಮತ್ತು ತೂತು ಮುಚ್ಚುವ ಪುಟ್ಟಿ. ಅದೂ ನನ್ನ ಗಾಡಿಯ ಹಾಗೆ ಕರಾವಳಿಯಲ್ಲೇ ದುಡಿದದ್ದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ಬಾಗಿಲು ಮತ್ತು ಮುಂದಿನ ಗಾಜು ಉಪಯೋಗಕ್ಕೆ ಬಂತು, ಉಳಿದದ್ದು ತೂಕಕ್ಕೆ ಹೋಯಿತು. ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಜೇಬಿನಲ್ಲಿ ಇದ್ದಿದ್ದರೆ ಸಾಕಿತ್ತು. ಪುಟ್ಟಿ ಮೆತ್ತಿದಲ್ಲಿ ಅದು ಹಿಡಿಯುವುದಿಲ್ಲ.

ಕೊನೆಗೆ ಘಟ್ಟ ಹತ್ತಿದೆ. ಮಲ್ಪೆಯಿಂದ ಬಯಲುಸೀಮೆಗೆ ಮೀನು ಹೊತ್ತು ಹೋಗುವ ಲಾರಿಗಳು ಬರುವಾಗ ಖಾಲಿ ಬರುತ್ತವೆ. ಪರಿಚಯದ ಡ್ರೈವರ್ ಒಬ್ಬರು ಹಿರಿಯೂರಿನ ಒಂದು ಗುಜರಿಯಿಂದ ಕ್ಯಾಬಿನ್ನಿನ ಫೋಟೊ ಕಳಿಸಿದರು. ಬಣ್ಣ ಬಿಸಿಲಿಗೆ ಪೂರ್ತಿ ಸತ್ತಿತ್ತು, ಎಡಬದಿ ಗುದ್ದು, ಸೀಟಿನಲ್ಲಿ ಇಲಿ. ಈ ಸಲ ನಾನೇ ಹೋದೆ. ಮ್ಯಾಟ್ ಎತ್ತಿದರೆ ನೆಲದಲ್ಲಿ ಒಣ ಕೆಂಪು ಮಣ್ಣು, ಅದರ ಅಡಿಯಲ್ಲಿ ಕಂಪನಿಯ ಬಣ್ಣ ಹಾಗೇ ಇತ್ತು! ನಲವತ್ತೊಂದು ಸಾವಿರ, ಲಾರಿಗೆ ನಾಲ್ಕು. ಶಿರಾಡಿ ಇಳಿದು ಬಂದ ಕೂಡಲೇ ಪೈಪ್ ಹಿಡಿದು ಬಾವಿ ನೀರಲ್ಲಿ ತೊಳೆದೆ. ಒಂದು ರಾತ್ರಿ ಮೀನಿನ ಲಾರಿಯ ಉಪ್ಪು ನೆಲದಲ್ಲಿ ಕೂತು ಬಂದಿತ್ತಲ್ವಾ?

ಕೂರಿಸಿದ್ದು 2023ರ ಮೇ ತಿಂಗಳಲ್ಲಿ, ಒಣ ಹವೆ ಇರುವಾಗ. ಆರು ದಿನದ ಬಾಡಿಗೆ ಹೋಯಿತು, ಹೋಗಲಿ. ಬೋಲ್ಟ್‌ಗಳಿಗೆ ಎರಡು ದಿನ ಮೊದಲೇ ಡೀಸೆಲ್ ಬಿಟ್ಟಿದ್ದೆವು. ಆದರೂ ಅರ್ಧದಷ್ಟನ್ನು ಗ್ರೈಂಡರಿನಲ್ಲೇ ಕೊಯ್ಯಬೇಕಾಯಿತು. ಬಾನೆಟ್, ಮಡ್‌ಗಾರ್ಡ್, ಬಾಗಿಲು, ಗಾಜು, ಸೀಟು ಎಲ್ಲ ಬಿಚ್ಚಿದ ಮೇಲೆ ಸ್ಟೇರಿಂಗ್ ರಾಡ್, ಗೇರ್ ಲಿವರ್, ವಯರಿಂಗ್. ಬ್ರೇಕ್ ಪೈಪ್ ಬಿಚ್ಚಲು ಮತ್ತು ಕೊನೆಗೆ ಏರ್ ತೆಗೆಯಲು ಮೆಕ್ಯಾನಿಕ್ ಬಂದರು. ಆ ಕೆಲಸದಲ್ಲಿ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಅಂಗಳದ ಹಲಸಿನ ಮರದ ದಪ್ಪ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಕ್ಯಾಬಿನ್ ಎಂಜಿನಿಗಿಂತ ಮೇಲೆ ಎತ್ತಿದೆವು. ಆಮೇಲೆ ಗಾಡಿಯನ್ನು ಹಿಂದಕ್ಕೆ ತಳ್ಳಿದೆವು. ತೂಗುವ ಕ್ಯಾಬಿನ್ ಅಡಿಗೆ ಯಾರೂ ಹೋಗಬಾರದು ಅಂತ ಅತ್ತೆ ಜಗಲಿಯಲ್ಲಿ ಕೂತು ಕಾವಲು ಕಾದರು.

ಎತ್ತಿದ್ದು ಇಳಿಸಿದ್ದು ಒಂದೇ ದಿನದ ಕೆಲಸ. ದಿನ ತಿಂದದ್ದು ವಯರಿಂಗ್. ಹೊಸದಾಗಿ ತಂದದ್ದು ಕೆಲವು ವರ್ಷ ಈಚಿನ ಮಾಡೆಲ್, ವಯರ್ ಜೋಡಿಸುವ ಕಪ್ಲರ್ ಒಂದೂ ಕೂರಲಿಲ್ಲ. ಅದರ ವಯರಿಂಗ್ ಪೂರ್ತಿ ಕಿತ್ತು ನಮ್ಮ ಹಳೆಯದನ್ನೇ ಹಾಕಿದೆವು. ಎಲ್ಲ ಮುಗಿಸಿ ಹೊರಗೆ ತೆಗೆದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುತ್ತದೆ. ಎರಡು ಗಂಟೆ ತಲೆ ಕೆಡಿಸಿಕೊಂಡೆವು. ಚಾಸಿಯಿಂದ ಕ್ಯಾಬಿನ್‌ಗೆ ಬರುವ ಅರ್ತ್ ವಯರ್ ಹಾಕಲು ಮರೆತಿದ್ದೆವು. ಕ್ಯಾಬಿನ್ ರಬ್ಬರ್ ಬುಶ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಆ ವಯರ್ ಬೇಕೇ ಬೇಕು.

ಮೂರನ್ನೂ ಪಕ್ಕಪಕ್ಕ ಇಟ್ಟರೆ, ಕೈಯಿಂದ ಒಮ್ಮೆಗೆ ಹೋದ ದುಡ್ಡು ಪ್ಯಾಚ್‌ಗೆ ಕಡಿಮೆ. ಆದರೆ ಅದು ನಡೆದದ್ದು ಒಂದೂವರೆ ವರ್ಷ. ಹಿರಿಯೂರಿನದ್ದು ಬಣ್ಣ, ಬುಶ್, ಮೆಕ್ಯಾನಿಕ್ ಸೇರಿ ಅರವತ್ತೆಂಟು ಸಾವಿರ ದಾಟಿತು. ಎಂಟು ವರ್ಷ ಮೀರಿದ ಗಾಡಿಗೆ ವರ್ಷ ವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಪ್ಯಾಚ್ ಇದ್ದಾಗ ಪ್ರತಿ ಸಲ ಎದೆ ಡವಡವ, ಈಗ ಇಲ್ಲ. ಚಾಸಿ ನಂಬರ್ ಇರುವುದು ಚಾಸಿಯಲ್ಲಿ, ಅದು ಬದಲಾಗಿಲ್ಲ. ಬಿಳಿ ತೆಗೆದು ಬಿಳಿಯನ್ನೇ ಹಾಕಿದ್ದರಿಂದ ಆರ್‌ಸಿಯಲ್ಲಿ ಬಣ್ಣ ತಿದ್ದಿಸುವ ಕೆಲಸವೂ ಇರಲಿಲ್ಲ. ಗುಜರಿಯ ಬಿಲ್ ಮಾತ್ರ ಜೋಪಾನವಾಗಿ ಇಟ್ಟಿದ್ದೇನೆ. ಕೊಳೆತದ್ದು ಬಾಗಿಲು ಮಾತ್ರ ಆಗಿದ್ದರೆ ನಾನು ಇವತ್ತೂ ಪ್ಯಾಚ್ ಹಾಕಿಸುತ್ತೇನೆ. ಬೋಲ್ಟಿನ ಜಾಗ ಹೋಗಿದ್ದರೆ ಇಲ್ಲ. ಇಲ್ಲಿನ ಗುಜರಿಯಿಂದ ಬಾಗಿಲು, ಗಾಜು ತರಬಹುದು, ನೆಲ ಇರುವ ಯಾವುದನ್ನೂ ತರುವುದಿಲ್ಲ.

ಬಾಗಿಲಿನ ಒಳಗೆ ಮೀನೆಣ್ಣೆ ಹೊಡೆದೆ. ಮರದ ದೋಣಿಗೆ ಹಚ್ಚುವ ಎಣ್ಣೆ, ತಗಡಿಗೂ ಚೆನ್ನಾಗಿ ಹಿಡಿಯುತ್ತದೆ. ಒಂದು ವಾರ ಊರಿನ ಬೆಕ್ಕುಗಳೆಲ್ಲ ಗಾಡಿಯ ಅಡಿಯಲ್ಲೇ ಇದ್ದವು. ನೆಲದ ಅಡಿಗೆ ಹಳೆ ಎಂಜಿನ್ ಆಯಿಲ್ ಹೊಡೆಯುವವರು ಉಂಟು. ರಬ್ಬರ್ ಬುಶ್‌ಗೆ ತಾಗಿದರೆ ಅದು ಊದಿ ಮೆತ್ತಗಾಗುತ್ತದೆ, ಅದಕ್ಕೆ ನಾನು ಹೊಡೆಯಲಿಲ್ಲ. ರಬ್ಬರ್ ಮ್ಯಾಟ್ ತೆಗೆದೇ ಹಾಕಿದ್ದೇನೆ.

ಮೊನ್ನೆ ತೊಳೆಯುವಾಗ ಎಡಬಾಗಿಲಿನ ಕೆಳಗೆ ಬಟಾಣಿಯಷ್ಟು ದೊಡ್ಡ ಗುಳ್ಳೆ ಕಂಡಿತು. ನೀರು ಇಳಿಯುವ ತೂತಿಗೆ ಮೀನಿನ ಪೊರೆ ಕಟ್ಟಿಕೊಂಡಿತ್ತು. ತಂತಿ ಹಾಕಿ ಬಿಡಿಸಿದ್ದೇನೆ. ಭಾನುವಾರ ಗ್ರೈಂಡರ್ ತೆಗೆಯಬೇಕು.