ಹಳೇ ಕ್ಯಾಂಪರ್‌ನಲ್ಲಿ ಆಯಿಲ್ ಪ್ರೆಶರ್ ಲೈಟ್ ಬಂದ್ರೆ: ಹೊಸ ಸ್ವಿಚ್, ದಪ್ಪ ಆಯಿಲ್, ಡ್ಯಾಶ್ ಮೀಟರ್, ಮೆಕ್ಯಾನಿಕಲ್ ಗೇಜ್, ನಾಲ್ಕೂ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಆಯಿಲ್ ಪ್ರೆಶರನ್ನ ನೇರವಾಗಿ ಅಳೆಯೋ ಮೆಕ್ಯಾನಿಕಲ್ ಗೇಜಿಗೆ. ಸುಮಾರು ನಲವತ್ತು ಯೂರೋಗೆ ಡಬ್ಬದಲ್ಲಿ ಬರತ್ತಲ್ಲ, ಒಂದು ಮೀಟರು, ಒಂದು ಪೈಪು, ನಾಲ್ಕಾರು ಅಡಾಪ್ಟರು, ಅಷ್ಟೇ. ಮಿಕ್ಕ ಮೂರಕ್ಕೂ ದುಡ್ಡು ಹಾಕಿದೀನಿ, ಅವುಗಳಿಂದ ಉಪಯೋಗ ಇಲ್ಲ ಅಂತಲ್ಲ, ಆದ್ರೆ ಇಂಜಿನ್ ನಿಜವಾಗ್ಲೂ ಕೆಟ್ಟಿದೆಯಾ ಇಲ್ವಾ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಇದೊಂದೇ.

ನಾವಿರೋದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ರ. ಗಾಡಿ 1988ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್, ಅಂದ್ರೆ ಒಳಗೇ ಮಲಗೋ ವ್ಯಾನು, 2.1 ಲೀಟರ್ ಪೆಟ್ರೋಲ್, ಇಲ್ಲಿ ಈ ಇಂಜಿನ್ನನ್ನ ವಾಸರ್‌ಬಾಕ್ಸರ್ ಅಂತಾರೆ. ಇಂಜಿನ್ ಹಿಂದುಗಡೆ, ಹಾಸಿಗೆ ಕೆಳಗೆ ಇರತ್ತೆ, ಹಾಗಾಗಿ ಇಂಜಿನ್ ನೋಡ್ಬೇಕು ಅಂದ್ರೆ ಮೊದ್ಲು ಹಾಸಿಗೆ ಎತ್ತಿ, ಮಕ್ಕಳ ಸಾಮಾನೆಲ್ಲ ಹೊರಗಿಟ್ಟು, ಆಮೇಲೆ ಮುಚ್ಚಳ ತೆಗೀಬೇಕು. ಬೇಸಿಗೆಯಲ್ಲಿ ಎ8 ರಸ್ತೆಯಲ್ಲಿ ಉಲ್ಮ್ ಕಡೆ ಹೋಗ್ತಾ ಡ್ರಾಕೆನ್‌ಸ್ಟೈನರ್ ಹಾಂಗ್ ಅನ್ನೋ ಏರು ಹತ್ತಿ, ಮೇಲೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡ್ತಿರುವಾಗ) ಆಯಿಲ್ ಪ್ರೆಶರಿನ ಕೆಂಪು ಲೈಟು ಮಿಣಮಿಣ ಅನ್ನೋಕೆ ಶುರುವಾಯ್ತು. ಆಯಿಲ್ ಲೆವೆಲ್ ಸರಿಯಾಗೇ ಇತ್ತು. ಆಮೇಲೆ ಕೆಲವು ಸಲ ಓಡ್ತಾ ಇರುವಾಗ್ಲೇ ಬಝರ್ ಕೂಡ ಕೂಗೋಕೆ ಶುರು ಮಾಡ್ತು. ಹತ್ತಿರದ ಒಂದು ಗ್ಯಾರೇಜಿನಲ್ಲಿ ತೋರಿಸಿದ್ರೆ, ಏನೂ ಕನೆಕ್ಟ್ ಮಾಡ್ದೆ, ಬರೀ ಸೌಂಡ್ ಕೇಳಿ, ಬೇರಿಂಗ್ ಹೋಗಿದೆ (ಅದು ಸವೆದ್ರೆ ಆಯಿಲ್ ಪ್ರೆಶರ್ ಬೀಳತ್ತೆ), ಇಂಜಿನ್ ಇಳಿಸ್ಬೇಕು ಅಂತ ಸಾವಿರಗಟ್ಟಲೆ ಯೂರೋ ಲೆಕ್ಕ ಹೇಳಿದ್ರು. ಒಂದು ನಂಬರೂ ತೋರಿಸ್ದೆ ಇಷ್ಟು ದೊಡ್ಡ ಮಾತು ಹೇಳ್ತಾರಲ್ಲ ಅಂತ ಸಿಟ್ಟು ಬಂತು, ಅದಕ್ಕೇ ನಾನೇ ಒಂದೊಂದಾಗಿ ನೋಡೋಕೆ ಹೊರಟಿದ್ದು.

ಈ ಲೈಟು ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ, ಅದಕ್ಕೆ ಸ್ವಲ್ಪ ಹೇಳ್ತೀನಿ. ನನ್ನ ಗಾಡಿಯಲ್ಲಿ ಎರಡು ಸ್ವಿಚ್ ಇವೆ. ಒಂದು 0.3 ಬಾರ್‌ದು (ಬಾರ್ ಅಂದ್ರೆ ಪ್ರೆಶರಿನ ಅಳತೆ), ಇದು ಪ್ರೆಶರ್ ಇಲ್ಲದಾಗ ಅರ್ತ್ ಆಗಿರತ್ತೆ, ಅಂದ್ರೆ ವೈರನ್ನ ಇಂಜಿನ್ ಬಾಡಿಗೆ ಸೇರಿಸಿರತ್ತೆ, ಪ್ರೆಶರ್ ಬಂದ ತಕ್ಷಣ ಬಿಟ್ಕೊಳತ್ತೆ, ಐಡಲ್‌ನಲ್ಲಿ ಲೈಟ್ ಮಿನುಗಿಸೋದು ಇದು. ಇನ್ನೊಂದು 0.9 ಬಾರ್‌ದು, ಬೆಲ್ಟ್ ಓಡೋ ಪುಲ್ಲಿ ಬದಿಯಲ್ಲಿದೆ, ಇದರ ಲೆಕ್ಕ ಉಲ್ಟಾ, ಪ್ರೆಶರ್ ಬಂದ್ಮೇಲೆ ಅರ್ತ್ ಆಗತ್ತೆ. ಇಂಜಿನ್ ಸುಮಾರು 2000 ಆರ್‌ಪಿಎಂ ದಾಟಿದಾಗ ಈ ಎರಡನೇ ಸ್ವಿಚ್ಚಿಂದ ಅರ್ತ್ ಸಿಗಲಿಲ್ಲ ಅಂದ್ರೆ ಲೈಟೂ ಬರತ್ತೆ, ಬಝರೂ ಕೂಗತ್ತೆ. ಅಂದ್ರೆ 0.9ರ ವೈರ್ ಒಂದು ತುಂಡಾದ್ರೂ ಸಾಕು, ಪ್ರೆಶರ್ ಚೆನ್ನಾಗಿದ್ರೂ ಗಾಡಿ ಕೂಗ್ತಾ ಇರತ್ತೆ. 0.3ರ ವೈರ್ ತುಂಡಾದ್ರೆ ಇನ್ನೂ ಕೆಟ್ಟದ್ದು, ಐಡಲ್‌ನಲ್ಲಿ ಪ್ರೆಶರ್ ಪೂರ್ತಿ ಬಿದ್ರೂ ಲೈಟು ಬರೋದೇ ಇಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಆ ವೈರ್ ಕನೆಕ್ಟ್ ಆಗಿದೆಯಾ ಅಂತ ದಯವಿಟ್ಟು ನೋಡಿ, ಲೈಟು ಬರ್ತಿದೆ ಅಂತ ಬೇಸತ್ತು ಕಿತ್ತು ಬಿಟ್ಟಿರೋರೂ ಇರ್ತಾರೆ.

ಹೊಸ ಸ್ವಿಚ್

ಎಲ್ಲರೂ ಮೊದ್ಲು ಹೇಳೋದು ಇದನ್ನೇ, ಸ್ವಿಚ್ ಚೇಂಜ್ ಮಾಡಿ, ಹತ್ತು ಯೂರೋ. ಹಳೇ 0.3 ಸ್ವಿಚ್ಚಿನ ಪ್ಲಾಸ್ಟಿಕ್ ತಲೆ ಹತ್ರ ಆಯಿಲ್ ಒಸರ್ತಾ ಇತ್ತು, ಅದನ್ನ ಬದಲಿಸಲೇಬೇಕಿತ್ತು. ಹೊಸದು ಹಾಕಿದ್ಮೇಲೂ ಬಿಸಿ ಐಡಲ್‌ನಲ್ಲಿ ಲೈಟು ಮಿನುಗ್ತಾನೇ ಇತ್ತು, ಮೊದಲಿಗಿಂತ ಜಾಸ್ತಿನೇ ಅನ್ನಿ. ಹೊಸ ಸ್ವಿಚ್ ಹಾಕಿದ್ರೂ ಲೈಟು ಬಂದ್ರೆ ಏನು ಅನ್ಕೋತೀರಿ? ಇಂಜಿನ್ ಹೋಯ್ತು ಅಂತಾನೇ ತಾನೇ. ಸ್ವಿಚ್ ಬದಲಿಸಿ ನೋಡೋದ್ರಲ್ಲಿ ಇರೋ ತೊಂದರೆನೇ ಇದು, ಹೊಸದು ಸರಿಯಾಗಿದೆ ಅಂತ ನಂಬ್ಕೊಂಡು ಮುಂದಕ್ಕೆ ಹೋಗ್ಬೇಕು, ಆ ನಂಬಿಕೆಗೆ ಆಧಾರ ಇಲ್ಲ.

ದಪ್ಪ ಆಯಿಲ್

20ಡಬ್ಲ್ಯೂ-50 ಹಾಕ್ದೆ, ಲೈಟು ಹೋಯ್ತು. ಊರಲ್ಲಿ ನಮ್ಮ ಭಾವನ ಹಳೇ ಮ್ಯಾಟಡೋರ್‌ಗೂ ಮೆಕ್ಯಾನಿಕ್ ಇದೇ ಔಷಧಿ ಕೊಡ್ತಿದ್ದ. ಬಿಸಿಯಾದಾಗ ದಪ್ಪ ಆಯಿಲ್ ಅಷ್ಟು ತೆಳ್ಳಗಾಗಲ್ಲ, ಐಡಲ್ ಪ್ರೆಶರ್ ಸ್ವಲ್ಪ ಏರತ್ತೆ, ಅಷ್ಟೇ ನಡೆದಿದ್ದು. ಬೇರಿಂಗ್ ಸವೆದಿದ್ರೂ ಲೈಟು ಹೋಗತ್ತೆ, ಸ್ವಿಚ್ ಕೆಟ್ಟಿದ್ರೂ ಹೋಗತ್ತೆ, ನಿಮಗೆ ಮಾತ್ರ ಏನೂ ಗೊತ್ತಾಗಲ್ಲ. ಬೇಸಿಗೆಗೆ ಅಂತ ಹಾಕೋದಾದ್ರೆ ನನ್ನ ತಕರಾರಿಲ್ಲ, ಇಲ್ಲಿನ ಚಳಿಗಾಲದ ಬೆಳಗಿನ ಸ್ಟಾರ್ಟಿಂಗ್‌ಗೆ ಅದು ಬೇಡ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಜೋರಾಗಿದ್ರೆ ಆಯಿಲ್ ತೆಳ್ಳಗಾಗಿದೆ ಅಂತ ಅರ್ಥ, ಆಗ ಆಯಿಲು ಫಿಲ್ಟರು ಎರಡೂ ಬದಲಿಸಿ, ಪೆಟ್ರೋಲ್ ಎಲ್ಲಿಂದ ಸೇರ್ತಿದೆ ಅಂತ ನೋಡಿ.

ಡ್ಯಾಶ್ ಮೇಲಿನ ಎಲೆಕ್ಟ್ರಿಕ್ ಮೀಟರ್, ಮತ್ತೆ ಆ ಹಾಳು ಥ್ರೆಡ್

ಇದರ ಬಗ್ಗೆ ಉದ್ದಕ್ಕೆ ಬರೀಲೇಬೇಕು, ಯಾಕಂದ್ರೆ ಇಲ್ಲಿ ಒಂದು ಸಣ್ಣ ವಿಷಯಕ್ಕೆ ಇಂಜಿನ್ ಬ್ಲಾಕೇ ಹಾಳಾಗಬಹುದು.

ಆನ್‌ಲೈನ್‌ನಲ್ಲಿ ಹೆಸರಿಲ್ಲದ ಒಂದು ಕಿಟ್ ತರಿಸ್ದೆ, ಮೀಟರು, ಸೆಂಡರು (ಇಂಜಿನ್‌ಗೆ ಕೂರಿಸೋ, ಪ್ರೆಶರನ್ನ ಮೀಟರಿಗೆ ತಿಳಿಸೋ ಭಾಗ), ವೈರು, ಜೊತೆಗೆ ಎಲ್ಲಾ ಯುರೋಪಿಯನ್ ಗಾಡಿಗೂ ಆಗತ್ತೆ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿತ್ತು. ಟಿ3ಯಲ್ಲಿ ಸ್ವಿಚ್ ಕೂರೋ ತೂತಿನ ಥ್ರೆಡ್ಡು ಎಂ10, ಪಿಚ್ (ಒಂದು ಹಲ್ಲಿಂದ ಇನ್ನೊಂದಕ್ಕೆ ಇರೋ ದೂರ) 1 ಮಿ.ಮೀ. ಕಿಟ್ಟಿನ ಸೆಂಡರ್ 1/8 ಎನ್‌ಪಿಟಿ ಅನ್ನೋ ಅಮೆರಿಕದ ಪೈಪ್ ಥ್ರೆಡ್ಡು, ಅಂದ್ರೆ ಇಂಚಿಗೆ 27 ಥ್ರೆಡ್, ಪಿಚ್ ಸುಮಾರು 0.94 ಮಿ.ಮೀ. ಇನ್ನು 1/8 ಬಿಎಸ್‌ಪಿ ಅಂತ ಬ್ರಿಟಿಷ್ ಪೈಪ್ ಥ್ರೆಡ್ಡು ಮತ್ತೊಂದಿದೆ, ಅದು ಇಂಚಿಗೆ 28, ಹೊರಗಿನ ಅಳತೆ 9.73 ಮಿ.ಮೀ. ಮೂರನ್ನೂ ಅಂಗೈಲಿ ಇಟ್ಕೊಂಡ್ರೆ ಕಣ್ಣಿಗೆ ಒಂದೇ ಥರ, ಅವಳಿ ಮಕ್ಕಳ ಹಾಗೆ.

ತೊಂದರೆ ಏನಂದ್ರೆ ತಪ್ಪು ಥ್ರೆಡ್ಡೂ ಕೈಯಲ್ಲಿ ಎರಡು ಮೂರು ಸುತ್ತು ಆರಾಮಾಗಿ ಹೋಗತ್ತೆ. ಆಮೇಲೆ ಬಿಗಿ ಆಗತ್ತೆ. ಸರಿಯಾದ ಸ್ವಿಚ್ಚೂ ಟೇಪರ್ (ತುದಿ ಕಡೆ ಸಣ್ಣ) ಇರೋದ್ರಿಂದ ಹಾಗೇ ಬಿಗಿ ಆಗೋದು, ಹಾಗಾಗಿ ಕೈಗೆ ವ್ಯತ್ಯಾಸ ಗೊತ್ತೇ ಆಗಲ್ಲ, ಕೂತ್ಕೊಳ್ತು ಅನ್ಕೊಂಡು ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಕಿತ್ಕೊಂಡು ಬರತ್ತೆ. ಕಿತ್ಕೊಳ್ದೆ ನಿಂತ್ರೂ ಅಪಾಯನೇ, ಎರಡು ಮೂರು ಸುತ್ತಿನ ಹಿಡಿತದ ಮೇಲೆ, ಕೋಲ್ಡ್ ಸ್ಟಾರ್ಟ್‌ನ ಹೈ ಪ್ರೆಶರ್‌ಗೆ ಅದು ಬಿಟ್ಕೊಂಡ್ರೆ ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಚಿಮ್ಮತ್ತೆ, ಅದರ ಮೇಲ್ಗಡೆ ನಮ್ಮ ಹಾಸಿಗೆ ಇರೋದು.

ನನಗೆ ಸೆಂಡರ್ ನೋಡಿದ್ರೇ ಅನುಮಾನ ಬಂತು, ಬ್ಲಾಕಿಗೆ ಹಾಕ್ದೆ ಹೈಡ್ರಾಲಿಕ್ ಪೈಪ್ ಮಾರೋ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ವಯಸ್ಸಾದವರು ಡ್ರಾಯರಿಂದ ಪಿಚ್ ಗೇಜ್ ತೆಗೆದು, 1 ಮಿ.ಮೀ. ಬ್ಲೇಡನ್ನ ಸೆಂಡರ್ ಥ್ರೆಡ್ ಮೇಲಿಟ್ಟು, ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ್ರು. ಮೊದಲ ಎರಡು ಹಲ್ಲು ಸರಿಯಾಗಿ ಕೂತಿತ್ತು, ಮೂರನೇದ್ರಿಂದ ಬೆಳಕು ಸಣ್ಣಗೆ ಕಾಣೋಕೆ ಶುರುವಾಗಿ ಕೊನೇ ಹಲ್ಲು ಥ್ರೆಡ್ಡಿನ ತುದಿ ಮೇಲೇ ನಿಂತಿತ್ತು. ಆಮೇಲೆ ನನ್ನ ಹಳೇ ಸ್ವಿಚ್ ಮೇಲೆ ಅದೇ ಬ್ಲೇಡ್ ಇಟ್ರು, ಬೆಳಕು ಚೂರೂ ಬರಲಿಲ್ಲ. ಒಂದು ಕಡೆ ಎಂ10, ಇನ್ನೊಂದು ಕಡೆ 1/8 ಎನ್‌ಪಿಟಿ ಇರೋ ಹಿತ್ತಾಳೆ ಅಡಾಪ್ಟರ್ ಅವರ ಹತ್ರನೇ ಇತ್ತು, ಕೆಲವೇ ಯೂರೋ. ಪಿಚ್ ಗೇಜೂ ಅಗ್ಗನೇ, ಗಾಡಿ ಕೆಲಸ ಮಾಡೋರು ಒಂದು ಇಟ್ಕೊಳ್ಳಿ.

ಅಡಾಪ್ಟರ್ ಹಾಕಿದ್ಮೇಲೂ ಆ ಮೀಟರ್ ನನಗೆ ಒಗ್ಗಲಿಲ್ಲ. ಸೆಂಡರ್ ಬಾಡಿಯಿಂದ್ಲೇ ಅರ್ತ್ ತಗೊಳ್ಳೋದು, ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ರೆ ರೀಡಿಂಗ್ ಹೆಚ್ಚುಕಮ್ಮಿ ಆಗತ್ತೆ, ಭಾರದ ಸೆಂಡರ್ ಬ್ಲಾಕ್ ಮೇಲೆ ನೇರವಾಗಿ ನೇತಾಡಿದ್ರೆ ವೈಬ್ರೇಶನ್‌ಗೆ ಅಡಾಪ್ಟರ್ ಕುತ್ತಿಗೇಲಿ ಮುರಿಯೋ ಭಯ. ಪೈಪ್ ಎಳೆದು ಬೇರೆ ಕಡೆ ಕೂರಿಸೋದೇ ಸರಿ. ಒಳ್ಳೇ ಕಂಪನಿಯ ಸೆಂಡರ್ ಎಂ10 ಥ್ರೆಡ್ಡಲ್ಲೇ, ವಾರ್ನಿಂಗ್ ಕಾಂಟ್ಯಾಕ್ಟ್ ಸಮೇತ ಸಿಗತ್ತೆ, ಆದ್ರೆ ಮೀಟರ್ ಜೊತೆ ಸೇರಿ ನೂರು ಯೂರೋ ಮೇಲೆ ಹೋಗತ್ತೆ.

ಮೆಕ್ಯಾನಿಕಲ್ ಗೇಜ್

ಇದಕ್ಕೆ ಕರೆಂಟೂ ಬೇಡ, ಅರ್ತೂ ಬೇಡ. ನಮಗೆ ಸ್ವಂತ ಗ್ಯಾರೇಜ್ ಇಲ್ಲ, ಅಪಾರ್ಟ್‌ಮೆಂಟ್ ಮುಂದೆ ಆಯಿಲ್ ಕೆಲಸ ಮಾಡೋ ಹಾಗಿಲ್ಲ, ಇಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆ ಕೊಡೋ ವರ್ಕ್‌ಶಾಪ್‌ಗಳಿವೆ, ಅಲ್ಲಿಗೇ ಹೋಗಿದ್ದು. ಹೋಗೋ ದಾರೀಲಿ ಗಾಡಿ ಚೆನ್ನಾಗಿ ಬಿಸಿ ಆಗ್ಲಿ ಅಂತ ಹೈವೇ ಸುತ್ತಿ ಹೋದೆ, ಯಾಕಂದ್ರೆ ಫ್ಯಾಕ್ಟರಿ ಲೆಕ್ಕ ಇರೋದು ಆಯಿಲ್ 80 ಡಿಗ್ರಿ ಇದ್ದಾಗ, 2000 ಆರ್‌ಪಿಎಂನಲ್ಲಿ ಕನಿಷ್ಠ 2 ಬಾರ್ ಅಂತ. ತಣ್ಣಗಿರುವಾಗ ಯಾವ ಇಂಜಿನ್ನೂ ಚೆನ್ನಾಗೇ ತೋರಿಸತ್ತೆ. ದಪ್ಪ ಆಯಿಲ್ ಇಳಿಸಿ ಮಾಮೂಲಿ 15ಡಬ್ಲ್ಯೂ-40 ಮೊದ್ಲೇ ಹಾಕಿದ್ದೆ.

0.3 ಸ್ವಿಚ್ ಎಡಗಡೆ ಪುಶ್‌ರಾಡ್ ಟ್ಯೂಬುಗಳ (ಇಂಜಿನ್ ಬದಿಯ ತೆಳ್ಳಗಿನ ಕೊಳವೆಗಳ) ಮಧ್ಯೆ ಕೂತಿದೆ, ದಪ್ಪ ಸಾಕೆಟ್ ಅಲ್ಲಿಗೆ ಹೋಗಲ್ಲ, ಒತ್ತಿ ನೂಕಿದ್ರೆ ಟ್ಯೂಬ್ ನೆಗ್ಗತ್ತೆ, ನಿಧಾನಕ್ಕೆ ಮಾಡಿ. ಅದನ್ನ ಬಿಚ್ಚಿ ಗೇಜ್ ಪೈಪ್ ಹಾಕಿ, ಮೀಟರನ್ನ ಮೇಲೆ ಮುಚ್ಚಳದ ಅಂಚಿಗೆ ಸಿಗಿಸಿ, ಹೆಂಡತಿಗೆ ಆಕ್ಸಿಲರೇಟರ್ ಹಿಡಿಯೋಕೆ ಹೇಳ್ದೆ. ಐಡಲ್‌ನಲ್ಲಿ ಸೂಜಿ 0.6ರ ಹತ್ರ. 2000ಕ್ಕೆ ತಂದಾಗ 2.3. ಸ್ವಲ್ಪ ಮೇಲೆ ಹೋದ ತಕ್ಷಣ ಮುಂದಿಂದ "ರೀ, ಮತ್ತೆ ಕೂಗ್ತಾ ಇದೆ, ಆಫ್ ಮಾಡ್ಲಾ?" ಅಂದ್ಳು. ಬಝರ್ ನನಗೂ ಕೇಳಿಸ್ತಿತ್ತು. ಸೂಜಿ ಮಾತ್ರ ಎರಡೂವರೆ ಹತ್ರ ಗಟ್ಟಿಯಾಗಿ ನಿಂತಿತ್ತು, ಅಲುಗಾಡ್ಲಿಲ್ಲ. "ಬೇಡ, ಹಾಗೇ ಹಿಡ್ಕೋ" ಅಂದು 0.9 ಸ್ವಿಚ್ಚಿನ ವೈರ್ ಮುಟ್ಟಿದ್ರೆ ಬಝರ್ ನಿಲ್ಲತ್ತೆ, ಬಿಟ್ರೆ ಕೂಗತ್ತೆ. ಕನೆಕ್ಟರ್ ಒಳಗೆ ಹಸಿರು ಕಿಲುಬು, ವೈರಿನ ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಸಾವಿರಗಟ್ಟಲೆ ಯೂರೋ ಹೇಳಿದ್ರಲ್ಲ, ಅದರ ಅರ್ಧ ಕಥೆ ಈ ಕನೆಕ್ಟರು.

ಇನ್ನರ್ಧ ಆ ಹೊಸ ಸ್ವಿಚ್ಚು. ಫೋಕ್ಸ್‌ವ್ಯಾಗನ್‌ನವರದ್ದೇ ವಿ.ಎ.ಜಿ 1342 ಅಂತ ಟೆಸ್ಟರ್ ಇದೆ, ಅದರಲ್ಲಿ ಗೇಜ್ ಜೊತೆಗೆ ಸ್ವಿಚ್ಚನ್ನೂ ಹಾಕಿ, ಎಷ್ಟು ಬಾರ್‌ಗೆ ಅದು ಬದಲಾಗತ್ತೆ ಅಂತ ಲ್ಯಾಂಪ್ ಇಟ್ಟು ನೋಡ್ತಾರೆ. ನಾನು ಒಂದು ಟಿ-ಪೀಸ್ (ಮೂರು ಬಾಯಿಯ ಜಾಯಿಂಟು) ತಗೊಂಡು ಅದನ್ನೇ ಮಾಡ್ದೆ. 0.3 ಸ್ವಿಚ್ 0.15ರಿಂದ 0.45 ಬಾರ್ ಒಳಗೆ ಬಿಟ್ಕೊಬೇಕು. ಹೊಸದು ಬಿಟ್ಕೊಳ್ತಾ ಇದ್ದದ್ದು 0.6 ದಾಟಿದ್ಮೇಲೆ. ನನ್ನ ಇಂಜಿನ್‌ನ ಬಿಸಿ ಐಡಲ್ ಪ್ರೆಶರ್ ಅಲ್ಲೇ ಇತ್ತಲ್ಲ, ಲೈಟು ಮಿನುಗ್ದೆ ಇನ್ನೇನು ಮಾಡತ್ತೆ. ಬೇರೆ ಅಂಗಡಿಯಿಂದ ತಂದಿದ್ದು ಟಿ-ಪೀಸ್ ಮೇಲೆ 0.3ಕ್ಕೆ ಸರಿಯಾಗಿ ಬಿಟ್ಕೊಳ್ತು, ಅದನ್ನೇ ಹಾಕ್ದೆ, ಬ್ರೆನ್ನರ್ ಪಾಸ್ ದಾಟಿ ಇಟಲಿಯ ಗಾರ್ಡಾ ಸರೋವರಕ್ಕೆ ಹೋಗಿ ಬಂದ್ವಿ, ಲೈಟು ಬರಲಿಲ್ಲ.

ಗೇಜಿನಲ್ಲಿ ಕೊರತೆ ಇಲ್ವಾ ಅಂದ್ರೆ ಇದೆ. ಓಡ್ತಾ ನೋಡೋಕಾಗಲ್ಲ. ಆಯಿಲ್ ತುಂಬಿದ ಪೈಪನ್ನ ಕ್ಯಾಬಿನ್ ಒಳಗೆ ತಂದು ಖಾಯಂ ಆಗಿ ಹಾಕೋದನ್ನ ನಾನಂತೂ ಮಾಡಲ್ಲ. ಡಬ್ಬದಲ್ಲಿ ಬರೋ ಅಡಾಪ್ಟರ್‌ಗಳ ಮೇಲೂ ಕೆಲವೊಮ್ಮೆ ಯಾವ ಥ್ರೆಡ್ ಅಂತ ಬರೆದಿರಲ್ಲ, ಅಲ್ಲೂ ಪಿಚ್ ಗೇಜ್ ಇಟ್ಟು ನೋಡಿ.

ನಾವು ಬೇಸಿಗೆಯಲ್ಲಿ ದೂರ ಹೋಗೋರು, ಮಕ್ಕಳು ಹಿಂದೆ ಇರ್ತಾರೆ, ಬಜೆಟ್ಟೂ ಲೆಕ್ಕದ್ದು, ಹಾಗಾಗಿ ನನಗೆ ಗೇಜು, ಟಿ-ಪೀಸು, ಪರೀಕ್ಷೆ ಮಾಡಿದ ಸ್ವಿಚ್ಚು ಇಷ್ಟೇ ಸಾಕು, ಪ್ರತಿ ಬೇಸಿಗೆ ಶುರುವಿನಲ್ಲಿ ಒಂದು ಸಲ ಅಳೆದು ಪುಸ್ತಕದಲ್ಲಿ ಬರ್ದಿಡ್ತೀನಿ. ದಿನಾ ಓಡಿಸೋರಿಗೆ, ನೂರು ಯೂರೋ ಭಾರ ಅನ್ನಿಸ್ದೆ ಇರೋರಿಗೆ ಒಳ್ಳೇ ಸೆಂಡರ್ ಇರೋ ಡ್ಯಾಶ್ ಮೀಟರ್ ಸರಿಹೋಗತ್ತೆ, ಆದ್ರೂ ಮೊದಲ ಸಲ ಮೆಕ್ಯಾನಿಕಲ್ ಗೇಜ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಬಿಸಿ ಆಯಿಲಲ್ಲಿ 2000ಕ್ಕೆ 2 ಬಾರ್ ಬರ್ತಿಲ್ಲ ಅಂದ್ರೆ ಗಾಡಿ ಓಡಿಸೋದು ನಿಲ್ಲಿಸಿ, ಮೊದ್ಲು ಕೆಳಗಡೆಯಿಂದ ಪ್ಲಗ್ ಬಿಚ್ಚಿ ರಿಲೀಫ್ ವಾಲ್ವಿನ (ಹೆಚ್ಚಾದ ಪ್ರೆಶರ್ ಬಿಡೋ ವಾಲ್ವಿನ) ಪಿಸ್ಟನ್ ಸಿಕ್ಕಾಕ್ಕೊಂಡಿದೆಯಾ ನೋಡಿ, ಆಮೇಲೆ ಪುಲ್ಲಿ ಹಿಂದಿರೋ ಆಯಿಲ್ ಪಂಪು, ಇವೆರಡೂ ಸರಿಯಿದ್ರೆ ಮಾತ್ರ ಬೇರಿಂಗಿಗೆ ಬನ್ನಿ. ಗ್ಯಾರೇಜಿನವರು ಇಂಜಿನ್ ಇಳಿಸ್ಬೇಕು ಅಂದ್ರೆ, ಎಷ್ಟು ಡಿಗ್ರಿಗೆ ಎಷ್ಟು ಬಾರ್ ಬಂತು ಅಂತ ಬರೆಸ್ಕೊಂಡ್ಮೇಲೇ ಒಪ್ಕೊಳ್ಳಿ.