ದೀಪಾವಳಿ ರಜೆಗೆ ತರಂಗಂಬಾಡಿಗೆ ಹೊರಟಿರೋರು ಅಡ್ವಾನ್ಸ್ ಹಾಕೋ ಮುಂಚೆ ಇದನ್ನೊಂದು ಓದ್ಕೊಳಿ

ಮೊದಲೇ ಹೇಳ್ಬಿಡ್ತೀನಿ, ಊರಿನ ಮೇಲೆ ನಂಗೆ ಸಿಟ್ಟಿಲ್ಲ, ಊರು ಚೆನ್ನಾಗೇ ಇದೆ. ಸಿಟ್ಟಿರೋದು ನಮಗೆ ಮನೆ ಕೊಟ್ಟ ಪಾರ್ಟಿ ಮೇಲೆ, ಆಮೇಲೆ ಯಾವ ತಿಂಗಳು ಅಂತಾನೂ ಹೇಳ್ದೆ "ಜನಜಂಗುಳಿ ಇಲ್ಲದ ಸಮುದ್ರ, ಫ್ಯಾಮಿಲಿಗೆ ಬೆಸ್ಟ್" ಅಂತ ರೀಲ್ಸ್ ಹಾಕೋರ ಮೇಲೆ.

ಗೋಕರ್ಣ, ಮುರುಡೇಶ್ವರ ಎಲ್ಲ ಹಬ್ಬದ ರಜೆಲಿ ಹೆಂಗಿರುತ್ತೆ ಅಂತ ನಿಮಗೂ ಗೊತ್ತು, ಕಾರು ನಿಲ್ಸಕ್ಕೇ ಅರ್ಧ ದಿನ ಬೇಕು. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಗುಡ್ಡ ಆಗಲ್ಲ, ಮಗಳಿಗೆ ಸಮುದ್ರ ಬೇಕು, ನಮ್ಮಿಬ್ಬರಿಗೆ ಸುಮ್ನೆ ಕೂತ್ಕೊಳೋಕೆ ಒಂದು ಜಾಗ ಬೇಕು, ಅದಕ್ಕೆ ತಮಿಳುನಾಡಿನ ತರಂಗಂಬಾಡಿ ಸರಿ ಅನ್ನಿಸ್ತು. ಡೆನ್ಮಾರ್ಕಿನವರು ಇದ್ದ ಊರು ಅದು. ತಂಜಾವೂರಿನ ರಘುನಾಥ ನಾಯಕನ ಹತ್ರ ಒಪ್ಪಂದ ಮಾಡ್ಕೊಂಡು 1620ರಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಕ್ಕೆ ಶುರು ಮಾಡಿದ್ರು, 1845ರಲ್ಲಿ ಬ್ರಿಟಿಷರಿಗೆ ಮಾರಿ ಹೋದ್ರು. ಮೈಸೂರಿಂದ ಬೆಂಗಳೂರು ಮೇಲೆ ಮೈಲಾಡುತುರೈಗೆ ನೇರ ರೈಲಿದೆ, ಸಂಜೆ ಹತ್ತಿದ್ರೆ ಬೆಳಿಗ್ಗೆ ಇಳೀಬೋದು, ಅಲ್ಲಿಂದ ಟ್ಯಾಕ್ಸಿಲಿ ಮುಕ್ಕಾಲು ಗಂಟೆ ಚಿಲ್ರೆ. ಇಲ್ಲಿವರೆಗೂ ಏನೂ ತೊಂದ್ರೆ ಇಲ್ಲ.

ತೊಂದ್ರೆ ಶುರುವಾಗಿದ್ದು ರೂಮಿಂದ. ಊರಲ್ಲಿ ಉಳ್ಕೊಳೋ ಜಾಗಗಳೇ ಕಮ್ಮಿ, ಹಬ್ಬದ ಟೈಮಲ್ಲಿ ಇರೋ ಒಳ್ಳೇವು ಬೇಗ ತುಂಬಿಹೋಗುತ್ತೆ, ಆಗ ನಡುವೆ ಬರ್ತಾರೆ ನೋಡಿ ಈ ಏಜೆಂಟ್‌ಗಳು. ನಮ್ಮೋನು ಒಳ್ಳೆ ಕನ್ನಡ ಮಾತಾಡ್ತಿದ್ದ, "ಸರ್ ಹಳೇ ಡ್ಯಾನಿಶ್ ಬಂಗಲೆ ಸರ್, ಕಿಟಕಿ ತೆಗೆದ್ರೆ ಕೋಟೆ, ಕೋಟೆ ಆಚೆ ಸಮುದ್ರ" ಅಂದ, ವಾಟ್ಸಾಪಲ್ಲಿ ಫೋಟೋ ಕಳಿಸ್ದ, ಎತ್ತರದ ಕಂಬ, ಜಗಲಿ, ಬಿಳೀ ಸುಣ್ಣ. ಪೂರ್ತಿ ದುಡ್ಡು ಮುಂಗಡ, ಅದೂ ಯಾರೋ ಒಬ್ಬರ ಪರ್ಸನಲ್ ನಂಬರಿಗೆ ಯುಪಿಐ. ಮಳೆ ಬಗ್ಗೆ ನನ್ನ ಹೆಂಡತಿ ನೆಟ್ಟಗೆ ಕೇಳಿದ್ಲು. "ಹಬ್ಬ ಆದ್ಮೇಲೆ ಮಳೆ ಎಲ್ಲಿ ಮೇಡಂ, ಸಂಜೆ ಒಂದೆರಡು ಹನಿ ಬರ್ಬೋದು ಅಷ್ಟೇ" ಅಂದ. ಆ ಮೆಸೇಜ್ ಇನ್ನೂ ನನ್ನ ಫೋನಲ್ಲಿದೆ.

ಇದು ಎಷ್ಟು ದೊಡ್ಡ ಸುಳ್ಳು ಅಂತ ಗೊತ್ತಾಗ್ಬೇಕಂದ್ರೆ ನಮ್ಮ ಕಡೆ ಮಳೆಗಾಲದ ಲೆಕ್ಕ ಪಕ್ಕಕ್ಕಿಡ್ಬೇಕು. ನಮ್ಮ ಕರಾವಳಿಗೆ ಮಳೆ ಜೂನಲ್ಲಿ ಶುರುವಾಗಿ ಸೆಪ್ಟೆಂಬರಿಗೆ ಹೆಚ್ಚುಕಮ್ಮಿ ಮುಗಿಯುತ್ತೆ, ದಸರಾ ದಾಟಿದ್ರೆ ಮಲ್ಪೆ ಕಾರವಾರ ಎಲ್ಲ ಸೀಸನ್. ಆ ಕಡೆ ಉಲ್ಟಾ. ಜೂನ್ ಜುಲೈಲಿ ಅಲ್ಲಿ ಬಿಸಿಲು ಸುಡ್ತಿರುತ್ತೆ, ಅಕ್ಟೋಬರಲ್ಲಿ ಗಾಳಿ ತಿರುಗಿ ಈಶಾನ್ಯದಿಂದ ಬಂಗಾಳ ಕೊಲ್ಲಿಯ ನೀರನ್ನ ಹೊತ್ಕೊಂಡು ಬರುತ್ತೆ, ಅವರ ವರ್ಷದ ಮಳೇಲಿ ಅರ್ಧಕ್ಕಿಂತ ಜಾಸ್ತಿ ಅಕ್ಟೋಬರಿಂದ ಡಿಸೆಂಬರ್ ಒಳಗೇ ಬೀಳೋದು. ಚಂಡಮಾರುತಗಳೂ ಅದೇ ಟೈಮಲ್ಲೇ. 2018ರ ಗಜ ನೆನಪಿರ್ಬೋದು, ನವೆಂಬರ್ ಮಧ್ಯದಲ್ಲಿ ನಾಗಪಟ್ಟಿಣಂ ವೇದಾರಣ್ಯಂ ನಡುವೆ ಬಂದು ಬಡಿದಿದ್ದು, ತರಂಗಂಬಾಡಿಯಿಂದ ದಕ್ಷಿಣಕ್ಕೆ ಹೋದ್ರೆ ಮೊದಲು ಕಾರೈಕಲ್, ಆಮೇಲೆ ಅದೇ ನಾಗಪಟ್ಟಿಣಂ. ಇಷ್ಟನ್ನ ಆ ಊರಲ್ಲಿ ವ್ಯಾಪಾರ ಮಾಡೋನಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಹೋಗಿ ನೋಡಿದ್ರೆ ಬಂಗಲೆ ಊರೊಳಗೇ ಇಲ್ಲ. ಅಲ್ಲಿ ಊರಿಗೆ ಹಳೇ ಹೆಬ್ಬಾಗಿಲಿದೆ, 1792ರದ್ದು, ಅದನ್ನ ದಾಟಿದ್ರೆ ಕಿಂಗ್ ಸ್ಟ್ರೀಟು, ಚರ್ಚು, ಕೋಟೆ, ಸಮುದ್ರ ಎಲ್ಲ ನಡೆಯೋ ದೂರದಲ್ಲಿ. ನಮ್ಮ ಮನೆ ಹೆಬ್ಬಾಗಿಲಿಂದ ಈಚೆಗೆ, ಮೈನ್ ರೋಡ್ ಹತ್ರ ಒಂದು ತಾರಸಿ ಮನೆ. ಮುಂದೆ ಎರಡು ಕಂಬ ನಿಲ್ಸಿ ಬಿಳೀ ಬಣ್ಣ ಹೊಡೆದಿದ್ರು, ಅದೇ ಹೆರಿಟೇಜು. ಕಿಟಕಿ ತೆಗೆದ್ರೆ ಕಾಣೋದು ಪಕ್ಕದ ಮನೆ ಸಿಂಟೆಕ್ಸ್ ಟ್ಯಾಂಕು. ಮನೆ ನೋಡ್ಕೊಳೋ ಅಣ್ಣ ಪಾಪ ಒಳ್ಳೆಯವನು, ಅವನಿಗೆ ಏಜೆಂಟ್ ಏನ್ ಹೇಳಿದಾನೆ ಅಂತಾನೇ ಗೊತ್ತಿಲ್ಲ, ಎಲ್ಲದಕ್ಕೂ "ಓನರ್‌ಗೆ ಫೋನ್ ಪಣ್ಣುಂಗ ಸಾರ್". ಓನರ್ ಫೋನ್ ಎತ್ತಲ್ಲ.

ಮಾರನೇ ರಾತ್ರಿ ಮಳೆ ಶುರುವಾಯ್ತು, ಒಂದೆರಡು ಹನಿ ಅಲ್ಲ, ತೆಂಗಿನ ಮರ ಬಗ್ಗಿ ಬಗ್ಗಿ ಏಳೋ ಗಾಳಿ ಜೊತೆಗೆ, ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯ್ತು. ಇನ್ವರ್ಟರ್ ಇಲ್ಲ, ಜನರೇಟರ್ ಇಲ್ಲ, ಕರೆಂಟ್ ಇಲ್ಲ ಅಂದ್ಮೇಲೆ ಮೋಟರ್ ಓಡಲ್ಲ, ಬೆಳಿಗ್ಗೆ ಹೊತ್ತಿಗೆ ಬಾತ್ರೂಮಲ್ಲಿ ನೀರೂ ಇಲ್ಲ, ಹೊರಗೆ ಮಾತ್ರ ಮೊಣಕಾಲುದ್ದ ನೀರು. ನಂಗೆ ಭಯ ಆಗಿದ್ದು ಅದಕ್ಕಲ್ಲ, ಅಮ್ಮನ ಇನ್ಸುಲಿನ್ ಫ್ರಿಜ್ಜಲ್ಲಿತ್ತು. ಆ ಅಣ್ಣನ ಹೆಂಡತಿನೇ ಒಂದು ಮಣ್ಣಿನ ಮಡಕೆಗೆ ನೀರು ಹಾಕಿ, ಇನ್ಸುಲಿನ್ನ ನೀರು ಸೋಕದಂಗೆ ಡಬ್ಬಿಲಿ ಮುಚ್ಚಿ ಅದರೊಳಗಿಟ್ಟು ಕಾಪಾಡಿದ್ದು, ನಮ್ಮ ಗಂಟಲಿಗೆ ಬಿಸಿ ರಸಂ ಇಳಿದಿದ್ದೂ ಆಯಮ್ಮನ ಒಲೆಯಿಂದಾನೇ. ಅವರಿಗೆ ಕೊಟ್ಟ ದುಡ್ಡಿಗೆ ನಂಗೆ ಒಂಚೂರೂ ಬೇಜಾರಿಲ್ಲ.

ಪ್ರಶಾಂತ ಊರು ಅನ್ನೋದಕ್ಕೆ ಇನ್ನೊಂದು ಮುಖ ಇದೆ, ಅದನ್ನ ಯಾರೂ ಹೇಳಲ್ಲ. ರಾತ್ರಿ ಊಟಕ್ಕೆ ಹೋಟ್ಲು ಹುಡುಕ್ಬೇಕು, ಮಳೆ ಬಂದ್ರೆ ಆಟೋ ಸಿಗಲ್ಲ, ದೊಡ್ಡ ಮೆಡಿಕಲ್ಲು ಡಾಕ್ಟ್ರು ಅಂದ್ರೆ ಪೊರೆಯಾರ್ ಕಡೆನೋ ಕಾರೈಕಲ್ ಕಡೆನೋ ಹೋಗ್ಬೇಕು. ವಯಸ್ಸಾದವ್ರನ್ನ ಕರ್ಕೊಂಡು ಹೋಗೋರು ಇದನ್ನ ಮೊದಲೇ ಯೋಚನೆ ಮಾಡಿ.

ಸಮುದ್ರದಲ್ಲಿ ಆಡೋಣ ಅಂತ ಮಕ್ಕಳಿಗೆ ಆಸೆ ಹುಟ್ಟಿಸ್ಬೇಡಿ. ಕಡಲು ಕೊರೆದು ಕೊರೆದು ಊರಿನ ಅಂಚನ್ನ ತಿಂದಿದೆ, ಅದಕ್ಕೆ ದಡಕ್ಕೆ ಬಂಡೆ ಸುರಿದಿದಾರೆ. ಕೋಟೆ ಹತ್ತಿರದ ಮಾಸಿಲಾಮಣಿನಾಥರ್ ಗುಡಿ 1306ರದ್ದು, ಅದರ ಮುಂಭಾಗ ಸಮುದ್ರದ ಪಾಲಾಗಿದೆ. 2004ರ ಸುನಾಮಿಲೂ ಈ ಊರು ತುಂಬಾ ಅನುಭವಿಸಿದೆ. ಮೀನುಗಾರರೇ ದೋಣಿ ಮೇಲೆಳೆದು ಕಟ್ಟಿದ್ರು, ನನ್ನ ಮಗಳು ಬಂಡೆ ಕಡೆ ಓಡಿದ್ದಕ್ಕೆ ಒಬ್ಬ ತಾತ ಗದರಿ ವಾಪಸ್ ಕಳಿಸಿದ್ರು. ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು ಅಂತ ಕೋಟೆಗೆ ಹೋದ್ವಿ, ಅವತ್ತು ಶುಕ್ರವಾರ, ಮ್ಯೂಸಿಯಂ ಬಾಗಿಲು ಹಾಕಿತ್ತು. 1718ರ ನ್ಯೂ ಜೆರುಸಲೇಮ್ ಚರ್ಚನ್ನ ಹೊರಗಿಂದ ನೋಡ್ಕೊಂಡು ಬಂದ್ವಿ. ತಮಿಳಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ ಜೀಗನ್‌ಬಾಲ್ಗ್ ಪಾದ್ರಿಯ ಸಮಾಧಿ ಅಲ್ಲೇ ಇರೋದು. ಇತಿಹಾಸದ ಹುಚ್ಚು ಇರೋರಿಗೆ ಊರು ನಿಜವಾಗ್ಲೂ ಹಬ್ಬ, ಅದನ್ನ ಇಲ್ಲ ಅನ್ನಲ್ಲ.

ಬೇಗ ಹೊರಟ್ವಿ. ಉಳಿದ ದಿನದ ದುಡ್ಡು ವಾಪಸ್ ಕೊಡಿ ಅಂತ ಏಜೆಂಟ್‌ಗೆ ಫೋನ್ ಮಾಡಿದ್ರೆ "ಮಳೆ ದೇವರ ಕೈಲಿರೋದು ಸರ್, ನಮ್ಮ ಕೈಲೇನಿದೆ" ಅಂತಾನೆ. ಸರಿ ಕಣಪ್ಪ, ಕಿಟಕಿಲಿ ಸಮುದ್ರ ಕಾಣಿಸೋದೂ ದೇವರ ಕೈಲೇ ಇತ್ತಾ ಅಂದೆ, ಫೋನ್ ಕಟ್.

ಹಂಗಾಗಿ ಹೋಗೋರು ಜನವರಿ ಕಳೆಯೋ ಹೊತ್ತಿಗೆ ಅಥವಾ ಫೆಬ್ರವರಿಲಿ ಹೋಗಿ, ಮಾರ್ಚ್ ದಾಟಿದ್ರೆ ಸೆಕೆ ತಡೆಯಕ್ಕಾಗಲ್ಲ. ಹಬ್ಬದ ಟೈಮಲ್ಲೇ ಹೋಗ್ಲೇಬೇಕು ಅಂದ್ರೆ ಚೆನ್ನೈ ಹವಾಮಾನ ಕೇಂದ್ರದ ಮುನ್ಸೂಚನೆ ನೋಡ್ದೆ ರೈಲು ಹತ್ತಬೇಡಿ, ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂತು ಅಂದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿದ್ರೂ ನಷ್ಟ ಇಲ್ಲ. ರೂಮಿನೋರಿಗೆ ಫೋಟೋ ಬೇಡ, ವಿಡಿಯೋ ಕಾಲ್ ಮಾಡ್ಸಿ, ಬಾಗಿಲಿಂದ ಕೋಟೆವರೆಗೂ ನಡ್ಕೊಂಡು ಹೋಗಿ ತೋರಿಸ್ರಿ ಅನ್ನಿ, ನಿಜ ಇದ್ದೋನು ತೋರಿಸ್ತಾನೆ. ಜನರೇಟರ್ ಇದ್ಯಾ, ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ಸು ಅನ್ನೋದನ್ನ ಬಾಯಲ್ಲಲ್ಲ, ಬರಹದಲ್ಲಿ ತಗೊಳಿ. ಬಿಲ್ ಕೊಡಲ್ಲ, ಪರ್ಸನಲ್ ನಂಬರಿಗೇ ದುಡ್ಡು ಹಾಕಿ ಅಂದ ತಕ್ಷಣ ಬಿಟ್ಬಿಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಫೋಟೋ, ಮೆಸೇಜು, ಯುಪಿಐ ರಸೀದಿ ಎಲ್ಲ ಹಾಕಿ. ನಿಮಗೂ ಇಂಥದ್ದು ಆಗಿದ್ರೆ ಚಾಟ್ ಡಿಲೀಟ್ ಮಾಡ್ಬೇಡಿ, ಅವರು ಕೇಳೋದು ಅದನ್ನೇ. ದುಡ್ಡು ಬಂದ್ರೆ ಬಂತು ಅಂತ, ಬರದಿದ್ರೆ ಬರಲಿಲ್ಲ ಅಂತ ಇಲ್ಲೇ ಹಾಕ್ತೀನಿ.