ರೊಕ್ಕ ಅವರಿಗೆ, ಗೇಟು ನಮಗೆ: ಸಂಗೀತೋತ್ಸವದ ಸ್ವಯಂಸೇವಕರಾಗುವ ಮುನ್ನ

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗ ಹುಡುಗಿಯರಿಗೂ ಅವರ ಮನೆಯವರಿಗೂ ಮೊದಲೇ ಹೇಳಿಬಿಡುತ್ತೇನೆ. ಟಿಕೆಟ್ ಇಟ್ಟು ನಡೆಸುವ ಹೊರಾಂಗಣ ಸಂಗೀತೋತ್ಸವಕ್ಕೆ ಸ್ವಯಂಸೇವಕರು ಬೇಕೆಂದು ಯಾರಾದರೂ ಕರೆದರೆ, ಕೆಲಸ ಯಾವುದು, ನಿಮ್ಮ ಮೇಲಿನವರು ಯಾರು ಎಂಬುದು ಕಾಗದದ ಮೇಲೆ ಬರುವವರೆಗೆ ಹೂಂ ಅನ್ನಬೇಡಿ. ಠೇವಣಿ ಕೇಳಿದರಂತೂ ಅಲ್ಲಿಗೇ ಕೈಬಿಡಿ. ಕಳೆದ ಬೇಸಿಗೆಯಲ್ಲಿ ನಾನು, ನನ್ನ ಕಾಕಾನ ಮಗಳು, ಅವಳ ಕಾಲೇಜಿನ ಒಂದಷ್ಟು ಮಂದಿ ಇಂಥದೊಂದು ಉತ್ಸವದಲ್ಲಿ ಎರಡೂ ದಿನ ದುಡಿದೆವು. ಅಲ್ಲಿ ಯಾರ ಜೀವವೂ ಹೋಗಲಿಲ್ಲವೆಂದರೆ ಅದಕ್ಕೆ ಆಯೋಜಕರು ಕಾರಣರಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೂರು ಪೊಲೀಸರ ಬಳಿ ಇದೆ, ಮತ್ತು ಇಂಥವರು ಅವರೊಬ್ಬರೇ ಅಲ್ಲ.

ಕರೆ ಬಂದದ್ದು ವಾಟ್ಸಾಪ್‌ನಲ್ಲಿ. ಊಟ, ಟಿ-ಶರ್ಟ್, ಪ್ರಮಾಣಪತ್ರ, ಗಾಯಕರ ಜೊತೆ ಫೋಟೋ, ಪಾಳಿ ಮುಗಿದ ಮೇಲೆ ಪುಕ್ಕಟೆ ಪ್ರವೇಶ, ರಾತ್ರಿ ಚನ್ನಮ್ಮ ವೃತ್ತದವರೆಗೆ ವಾಹನ. ಇದಕ್ಕೆ ಬದಲಾಗಿ ದಿನಕ್ಕೆ ಆರು ತಾಸಿನ ಪಾಳಿ ಮತ್ತು 1,500 ರೂಪಾಯಿ ಠೇವಣಿ. ಪಾಳಿ ತಪ್ಪಿಸದಿದ್ದರೆ ಉತ್ಸವದ ಮರುದಿನವೇ ಠೇವಣಿ ವಾಪಸ್ ಎಂದಿತ್ತು. ಪುಕ್ಕಟೆ ಒಳಗೆ ಬಂದು ಕೆಲಸ ಮಾಡದೆ ನುಣುಚಿಕೊಳ್ಳುವವರನ್ನು ತಡೆಯಲು ಹೊರದೇಶದ ದೊಡ್ಡ ಉತ್ಸವಗಳಲ್ಲೂ ಠೇವಣಿ ಇಸಿದುಕೊಳ್ಳುತ್ತಾರೆ, ಆದ್ದರಿಂದ ಅದೊಂದೇ ಕಾರಣಕ್ಕೆ ಮೋಸವೆನ್ನಲಾಗದು. ಆದರೆ ಈ ಹಣ ಹೋದದ್ದು ಕಂಪನಿಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಫೋನ್‌ಪೇ ಸಂಖ್ಯೆಗೆ. ರಸೀದಿ ಕೇಳಿದವರಿಗೆ ಕೈ ಮುಗಿಯುವ ಚಿತ್ರವೊಂದು ಬಂತು, ಅಷ್ಟೇ.

ನಮ್ಮ ಕಡೆಯ ಮಕ್ಕಳು ಇಂಥದಕ್ಕೆ ಬೇಗ ಒಪ್ಪುವುದಕ್ಕೆ ಕಾರಣವಿದೆ. ಶಿವರಾತ್ರಿಗೆ ಸಿದ್ಧಾರೂಢ ಮಠದಲ್ಲಿ ಪಂಕ್ತಿಗೆ ಬಡಿಸಿ, ಚಪ್ಪಲಿ ಕಾಯ್ದು, ಜನರನ್ನು ಸಾಲಿಗೆ ನಿಲ್ಲಿಸಿ ಬೆಳೆದವರು ನಾವು. ಗದಗಿನ ವೀರೇಶ್ವರ ಪುಣ್ಯಾಶ್ರಮದ ದಾಸೋಹದಲ್ಲಿ ಕೈ ಜೋಡಿಸಿದವರೂ ನಮ್ಮ ಗುಂಪಿನಲ್ಲಿದ್ದರು. ಕೂಲಿ ಕೇಳುವುದು ನಮಗೆ ಹೊಳೆಯುವುದೇ ಇಲ್ಲ. ಆದರೆ ಜಾತ್ರೆಯಲ್ಲಿ ಟಿಕೆಟ್ ಇರುವುದಿಲ್ಲ, ಲಾಭ ಹಂಚಿಕೊಳ್ಳುವವರೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಹತ್ತಾರು ವರ್ಷ ಅದೇ ಬಾಗಿಲಲ್ಲಿ ನಿಂತ ಹಿರಿಯರೊಬ್ಬರು ಪಕ್ಕದಲ್ಲೇ ಇರುತ್ತಾರೆ. ಯಾವ ಹೊತ್ತಿಗೆ ಯಾವ ಬಾಗಿಲು ತೆರೆಯಬೇಕು ಎಂಬುದು ಅವರಿಗೆ ಗೊತ್ತು. ತಲೆಗೆ 1,499 ರೂಪಾಯಿ ಪಡೆದು ನಡೆಸುವ ವ್ಯಾಪಾರಕ್ಕೆ ಸೇವೆಯ ಹೆಸರಿನಲ್ಲಿ ಕೂಲಿಯಿಲ್ಲದ ಆಳು ಹುಡುಕುವುದು ಬೇರೆಯೇ ಸಂಗತಿ.

ಜಾಗ ಗದಗ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಒಂದು ಲೇಔಟ್. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆ, ಮನೆಗಳು ಇನ್ನೂ ಎದ್ದಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದದ ಕಡೆ ಹೊರಟರೆ ಎಲ್ಲ ಎರೆಭೂಮಿ. ಮಸಾರಿ ಮಣ್ಣಿನಲ್ಲಿ ಬಸಿದು ಹೋಗುವಂತೆ ಇಲ್ಲಿ ನೀರು ಬಸಿಯುವುದಿಲ್ಲ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ನೆಲ ಒಂದು ಜೋರು ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಕಾರ್ಯಕ್ರಮ ಇಟ್ಟದ್ದು ಏಪ್ರಿಲ್ ಕೊನೆಯ ವಾರ, ಅಶ್ವಿನಿ ಮುಗಿದು ಭರಣಿ ಮಳೆ ಕೂಡುವ ಹೊತ್ತು. ಮಧ್ಯಾಹ್ನವೆಲ್ಲ ಕುದಿದು ಸಂಜೆಗೆ ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು ಬರುವುದು ಇಲ್ಲಿನ ಯಾವ ರೈತನನ್ನು ಕೇಳಿದರೂ ತಿಳಿಯುತ್ತಿತ್ತು. ಮಳೆ ಬಂದರೆ ಜನರನ್ನು ಎಲ್ಲಿಗೆ ಕಳಿಸಬೇಕು ಎಂದು ತರಬೇತಿಯ ದಿನ ನಾನೇ ಕೇಳಿದೆ. ‘ಬರುವುದಿಲ್ಲ ಮೇಡಂ, ಪೂಜೆ ಮಾಡಿಸಿದ್ದೇವೆ’ ಎಂದು ಮೇಲ್ವಿಚಾರಕ ನಕ್ಕ. ಉಳಿದ ತರಬೇತಿಯೆಲ್ಲ ಟಿ-ಶರ್ಟ್ ತೊಟ್ಟು ಇನ್‌ಸ್ಟಾಗ್ರಾಮ್‌ಗೆ ವಿಡಿಯೊ ಮಾಡುವುದರಲ್ಲಿ ಮುಗಿಯಿತು.

ಸಂಗೀತದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಹೊಟ್ಟೆಯುರಿ ತಣಿಯುವುದಿಲ್ಲ. ಹೆಬ್ಬಾಗಿಲ ಬ್ಯಾನರಿನಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಭಾವಚಿತ್ರಗಳು, ಒಂದೊಂದೂ ಆಳೆತ್ತರ. ಈ ಪರಂಪರೆಗೆ ಕೊಟ್ಟ ಸಮಯವೋ ಮಧ್ಯಾಹ್ನದ ಮೂರು ಗಂಟೆ, ಮೇಲ್ಛಾವಣಿಯಿಲ್ಲದ ಸಣ್ಣ ವೇದಿಕೆ. ಯುವ ಗಾಯಕಿಯೊಬ್ಬರು ತಂಬೂರಿ ಶ್ರುತಿ ಮಾಡುತ್ತಿದ್ದರೆ ಪಕ್ಕದ ದೊಡ್ಡ ವೇದಿಕೆಯಲ್ಲಿ ಡ್ರಮ್ಸ್ ಪರೀಕ್ಷೆ ನಡೆದಿತ್ತು. ಬಿಸಿಲಿಗೆ ತಂತಿ ಇಳಿಯುತ್ತದೆ, ಅವರು ಏರಿಸುತ್ತಾರೆ, ಪಕ್ಕದಲ್ಲಿ ಧಡ್ ಎನ್ನುತ್ತದೆ. ಕೊನೆಗೆ ತಂಬೂರಿ ಬದಿಗಿಟ್ಟು ಮೊಬೈಲ್ ಆ್ಯಪ್‌ನ ಶ್ರುತಿಗೆ ಹಾಡಿದರು. ಕುಂದಗೋಳದ ನಾಡಗೇರ ವಾಡೆಯಲ್ಲಿ ಜಮಖಾನೆಯ ಮೇಲೆ ಕೂತು ರಾತ್ರಿಯಿಡೀ ಕೇಳಿದ ಜನ ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೆಲವರು ಆ ಬ್ಯಾನರ್ ನಂಬಿ ಟಿಕೆಟ್ ಕೊಂಡಿದ್ದರು.

ಇನ್ನು ಗೇಟಿನ ಸಂಗತಿ. ನಕ್ಷೆಯಲ್ಲಿ ನಾಲ್ಕು ಗೇಟುಗಳಿದ್ದವು. ಜನರಿಗೆ ತೆರೆದದ್ದು ಒಂದೇ, ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಅದೇ. ಒಂದು ಗಣ್ಯರಿಗೆ. ಉಳಿದೆರಡಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು, ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು. ಸುತ್ತ ತಗಡಿನ ಬೇಲಿ. ಹಣ ಪಡೆದು ಬಂದ ಬೌನ್ಸರುಗಳು ವೇದಿಕೆಯ ಮುಂದೆ ಮತ್ತು ಗಣ್ಯರ ಗೇಟಿನಲ್ಲಿದ್ದರು. ಸಾವಿರಾರು ಜನ ಓಡಾಡುವ ಗೇಟಿನಲ್ಲಿ ನಾವಿದ್ದೆವು. ಹೆಚ್ಚಿನವರು ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಕೈಯಲ್ಲಿ ಕ್ಯೂಆರ್ ಕೋಡ್ ಓದುವ ಯಂತ್ರ, ಕೊರಳಲ್ಲಿ ಒಂದು ಸೀಟಿ.

ಎರಡನೆಯ ದಿನ ಕತ್ತಲಾಗುತ್ತಿದ್ದಂತೆ ಗಾಳಿ ಎದ್ದಿತು. ಎಲ್‌ಇಡಿ ಪರದೆಯ ಹಿಂದಿನ ಬಟ್ಟೆ ಪಟಪಟನೆ ಹೊಡೆದುಕೊಳ್ಳತೊಡಗಿದಾಗ ಜನರೇಟರ್ ಆರಿಸಿದರು. ಅದು ಸರಿಯೇ, ಆದರೆ ಮೈದಾನದ ದೀಪಗಳೂ ಅದೇ ಜನರೇಟರಿನವು. ಹನಿಗಳು ದಪ್ಪವಾದವು. ಒಳಗಿದ್ದವರು ವಾಹನಗಳ ಕಡೆ ಓಡಿದರು. ಸಿನಿಮಾ ಗಾಯಕ ಇನ್ನೂ ಹಾಡಿರಲಿಲ್ಲವಾದ್ದರಿಂದ ಹೊರಗಿದ್ದವರು ಒಳಗೆ ನುಗ್ಗುತ್ತಿದ್ದರು. ಎರಡೂ ಪ್ರವಾಹ ಕೂಡಿದ್ದು ನಮ್ಮ ಗೇಟಿನಲ್ಲಿ. ‘ಎರಡೇ ನಿಮಿಷ, ಬಂದೆ’ ಎಂದು ಹೋಗಿದ್ದ ಮೇಲ್ವಿಚಾರಕ ಬರಲಿಲ್ಲ. ವಾಕಿಟಾಕಿ ನಮಗೆ ಕೊಟ್ಟಿರಲಿಲ್ಲ. ಜನಸಂದಣಿಗೆ ಮೊಬೈಲ್ ನೆಟ್‌ವರ್ಕ್ ಸಂಜೆಯಿಂದಲೇ ಸತ್ತಿತ್ತು.

ಬ್ಯಾರಿಕೇಡಿನ ಕಬ್ಬಿಣ ನನ್ನ ಸೊಂಟಕ್ಕೆ ಒತ್ತಿ ನಿಂತಿತು. ಎದುರಿಗೆ ಒಬ್ಬರು ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಅವರ ಕನ್ನಡಕ ಒಂದೇ ಕಿವಿಯಿಂದ ಜೋತಾಡುತ್ತಿತ್ತು, ಸರಿಪಡಿಸಿಕೊಳ್ಳಲು ಕೈ ಇಳಿಸುವಷ್ಟು ಜಾಗವಿರಲಿಲ್ಲ. ‘ಬೀಗ ತೆಗೆಸು ತಂಗೀ, ಆ ಬೀಗ ತೆಗೆಸು’ ಎಂದು ಒಂದೇ ಸಮನೆ ಹೇಳುತ್ತಿದ್ದರು. ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಬೀಗ ಮುರಿದದ್ದು ನೀರಿನ ಟ್ಯಾಂಕರಿನ ಚಾಲಕ. ಬೇಲಿಯ ಆಚೆ ಗಾಡಿ ನಿಲ್ಲಿಸಿಕೊಂಡಿದ್ದ ಅವರು ಕೂಗಾಟ ಕೇಳಿ, ಜಾಕಿನ ರಾಡು ತಂದು ಸರಪಳಿಗೆ ಹಾಕಿ ಮೀಟಿದರು. ಆ ಗೇಟು ತೆರೆದೊಡನೆ ಒತ್ತಡ ಇಳಿಯಿತು. ನಮ್ಮ ಗುಂಪಿನ ಒಬ್ಬ ಹುಡುಗಿಯ ಕಾಲಿನ ಕೀಲು ಮುರಿದಿತ್ತು. 108 ಆಂಬುಲೆನ್ಸ್ ಬಂದರೂ ಕೆಸರಿನಲ್ಲಿ ಒಳಗೆ ಬರಲಾಗದೆ ರಸ್ತೆಯಲ್ಲೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವಳನ್ನು ಹೊತ್ತುಕೊಂಡು ಹೋದೆವು.

ಇದನ್ನು ಅತಿ ಮಾಡಿ ಹೇಳುತ್ತಿದ್ದೇನೆ ಅನ್ನಿಸಿದರೆ 2023ರ ನವೆಂಬರ್ 25ರಂದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಗೀತ ಕಾರ್ಯಕ್ರಮದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಮಳೆ ಬಂತೆಂದು ಹೊರಗಿದ್ದವರು ಬಯಲು ರಂಗಮಂದಿರದೊಳಗೆ ನುಗ್ಗಿದರು, ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು, ನಾಲ್ವರು ತೀರಿಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹೋದ ಹನ್ನೊಂದು ಜೀವಗಳನ್ನಂತೂ ಯಾರೂ ಮರೆತಿಲ್ಲ. ಕಾಲ್ತುಳಿತ ಎನ್ನುತ್ತೇವೆ, ಆದರೆ ಇಂಥ ಕಡೆ ಹೆಚ್ಚಿನ ಸಾವು ತುಳಿತದಿಂದ ಆಗುವುದಿಲ್ಲ, ಉಸಿರುಕಟ್ಟಿ ಆಗುತ್ತದೆ. ಉಸಿರೆಳೆದುಕೊಳ್ಳಲು ಎದೆ ಹಿಗ್ಗಬೇಕು, ಸುತ್ತ ಒತ್ತಿದ ಮೈಗಳು ಅದಕ್ಕೆ ಎಡೆ ಕೊಡುವುದಿಲ್ಲ. ಒಂದು ಚದರ ಮೀಟರಿಗೆ ಐದಕ್ಕಿಂತ ಹೆಚ್ಚು ಜನ ಸೇರಿದರೆ ಅಪಾಯ ಶುರುವಾಯಿತೆಂದೇ ಲೆಕ್ಕ. ಸಿಕ್ಕಿಹಾಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ, ಎದುರು ತಳ್ಳಬೇಡಿ, ಗುಂಪು ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗಬೇಡಿ, ಮೊಬೈಲಾದರೂ ಸರಿ.

ಮಳೆ ನಿಂತು ಗಾಯಕ ವೇದಿಕೆಗೆ ಬಂದದ್ದು ಒಂಬತ್ತೂವರೆಗೆ. ಹತ್ತಕ್ಕೆ ಪೊಲೀಸರು ಧ್ವನಿವರ್ಧಕ ನಿಲ್ಲಿಸಿದರು. ಅವರು ಮಾಡಿದ್ದು ಸರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ಹನ್ನೆರಡರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಪೋಸ್ಟರಿನಲ್ಲಿ ಮಾತ್ರ ‘ಮಧ್ಯರಾತ್ರಿಯವರೆಗೆ’ ಎಂದು ಅಚ್ಚಾಗಿತ್ತು. ರೊಕ್ಕ ಕೊಟ್ಟ ಜನ ಸಿಟ್ಟಾದರು, ಸಿಟ್ಟು ತೀರಿಸಿಕೊಳ್ಳಲು ಕಣ್ಣಿಗೆ ಬಿದ್ದವರು ಟಿ-ಶರ್ಟ್ ತೊಟ್ಟ ನಾವು. ಒಬ್ಬ ಹುಡುಗನ ಕೊರಳಪಟ್ಟಿ ಹಿಡಿದು ಜಗ್ಗಿದರು. ಆಯೋಜಕರ ಕಾರುಗಳು ಅಷ್ಟರಲ್ಲಿ ಗಣ್ಯರ ಗೇಟಿನಿಂದ ಹೊರಟಿದ್ದವು. ನಮ್ಮನ್ನು ಬಿಟ್ಟುಬರಬೇಕಿದ್ದ ವಾಹನ ಬರಲೇ ಇಲ್ಲ. ಹುಡುಗಿಯರೆಲ್ಲ ಒಟ್ಟಾಗಿ ಗದಗ ರಸ್ತೆಗೆ ನಡೆದು ಬಂದು, ಮನೆಯವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಕರೆಸಿಕೊಂಡೆವು.

ಸಣ್ಣಪುಟ್ಟ ಸುಲಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊರಗಿನ ನೀರಿನ ಬಾಟಲಿ ಗೇಟಿನಲ್ಲೇ ಕಸಿದುಕೊಳ್ಳಬೇಕೆಂದು ನಮಗೆ ಆದೇಶವಿತ್ತು. ಒಳಗೆ ಕುಡಿಯುವ ನೀರಿನ ನಲ್ಲಿ ಇರಲಿಲ್ಲ, 20 ರೂಪಾಯಿ ಅಚ್ಚಾದ ಬಾಟಲಿಗೆ 60 ರೂಪಾಯಿ. ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯಲು ಅಂಗಡಿಕಾರರಿಗೆ ಹಕ್ಕಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ರಿಯಾಯಿತಿ ಕೊಟ್ಟದ್ದು ಕೂರಿಸಿ ಬಡಿಸುವ ಹೋಟೆಲ್, ರೆಸ್ಟೋರೆಂಟ್‌ಗಳಿಗೆ. ಊಟಕ್ಕೆ ಕೈಪಟ್ಟಿಯೊಳಗೆ ಮೊದಲೇ ಹಣ ತುಂಬಿಸಬೇಕಿತ್ತು, ಉಳಿದದ್ದು ವಾಪಸ್ ಬರಲಿಲ್ಲ. ಗಿರ್ಮಿಟ್ ಪ್ಲೇಟಿಗೆ 120 ರೂಪಾಯಿ ಎಂದರೆ ಹುಬ್ಬಳ್ಳಿಯವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕಿವಿಯ ವಿಷಯ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಕಾಕಾನ ಮಗಳನ್ನು ದೊಡ್ಡ ಸ್ಪೀಕರುಗಳ ಪಕ್ಕದ ಕೌಂಟರಿನಲ್ಲಿ ಇಡೀ ಪಾಳಿ ಕೂರಿಸಿದ್ದರು. ಆಮೇಲೆ ಹಲವು ದಿನ ಅವಳ ಕಿವಿಯಲ್ಲಿ ಗುಂಯ್ ಎನ್ನುತ್ತಲೇ ಇತ್ತು. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗೆ ಇಳಿಸುತ್ತ ಹೋದರೆ 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು ಕಾಲು ತಾಸು. ಕೇಳಲು ಹೋದವರು ಹಿಂದೆ ಸರಿದು ನಿಲ್ಲಬಹುದು, ಪಾಳಿಯಲ್ಲಿದ್ದವರು ಸರಿಯುವಂತಿಲ್ಲ. ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆ ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಠೇವಣಿ ಬರಲಿಲ್ಲ. ಮೊದಲು ‘ಲೆಕ್ಕ ನಡೆಯುತ್ತಿದೆ’, ಆಮೇಲೆ ‘ಮಳೆಯಿಂದ ನಷ್ಟವಾಗಿದೆ, ಸಹಕರಿಸಿ’, ಒಂದು ದಿನ ವಾಟ್ಸಾಪ್ ಗುಂಪೇ ಮಾಯ. ಪ್ರಮಾಣಪತ್ರವೂ ಇಲ್ಲ. ಪರಿಚಯದ ವಕೀಲರನ್ನು ಕೇಳಿದೆವು. ಟಿಕೆಟ್ ಕೊಂಡವರು ಗ್ರಾಹಕರು, ಅವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ನೀವು ಏನನ್ನೂ ಕೊಂಡಿಲ್ಲ, ನಿಮ್ಮ ದಾರಿ ಕಷ್ಟದ್ದು ಎಂದರು. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟೆವು. ಆನ್‌ಲೈನ್ ಹಣ ಹೋದ ಪ್ರಕರಣಗಳಿಗೆ 1930 ಸಹಾಯವಾಣಿ ಇದೆ, ಆದರೆ ಅದು ಕೆಲಸಕ್ಕೆ ಬರುವುದು ಮೋಸವಾಯಿತೆಂದು ತಿಳಿದ ತಕ್ಷಣ ಕರೆ ಮಾಡಿದವರಿಗೆ. ವಾರಗಟ್ಟಲೆ ‘ನಾಳೆ, ನಾಳೆ’ ಎಂದು ಮುಂದೂಡುವುದರ ಲಾಭ ಅವರಿಗೆ ಚೆನ್ನಾಗಿ ತಿಳಿದಿದೆ.

ಇಷ್ಟಾದರೂ ಹೋಗಲೇಬೇಕು ಎನ್ನುವವರು ಪೊಲೀಸ್ ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಎಷ್ಟು ಜನಕ್ಕೆ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಓದಿ. ಸ್ವಯಂಸೇವಕರಿಗೆ ವಿಮೆ ಇದೆಯೇ, ಪಾಲಿಸಿಯ ಪ್ರತಿ ಎಲ್ಲಿ ಎಂದು ವಿಚಾರಿಸಿ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಪ್ರತಿ ಕೊಡಿ, ಮೂಲ ಗುರುತಿನ ಚೀಟಿ ಕೊಡಬೇಡಿ. ಗೇಟಿನ ಕೆಲಸ ಹಚ್ಚಿದರೆ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಟಿ-ಶರ್ಟ್ ಮಡಚಿಟ್ಟು ಮನೆಗೆ ಬನ್ನಿ. ಬೇಸಿಗೆಯಾದರೆ ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿರಲಿ. ಮಕ್ಕಳನ್ನು ಕಳಿಸುವ ಕಾಲೇಜಿನವರೂ ಇದೇ ಪ್ರಶ್ನೆಗಳನ್ನು ಕೇಳಬೇಕಿತ್ತು, ನಮ್ಮ ಪಾಲಿಗೆ ಕೇಳಲಿಲ್ಲ.

ಕಾಲು ಮುರಿದ ಹುಡುಗಿಗೆ ಎರಡು ತಿಂಗಳು ಪಟ್ಟಿ ಹಾಕಿದ್ದರು. ಆಸ್ಪತ್ರೆಯ ಖರ್ಚನ್ನು ಅವಳ ಅಪ್ಪನೇ ಭರಿಸಿದರು, ಆಯೋಜಕರ ಕಡೆಯಿಂದ ಒಬ್ಬರೂ ಬಂದು ನೋಡಲಿಲ್ಲ. ಈಗ ಹಾವೇರಿ ಕಡೆಯ ಕಾಲೇಜುಗಳಲ್ಲಿ ಹೊಸ ಹೆಸರಿನ ಉತ್ಸವವೊಂದರ ಕರೆ ಹರಿದಾಡುತ್ತಿದೆ. ಹಣ ಕಳಿಸಬೇಕಾದ ಫೋನ್‌ಪೇ ಸಂಖ್ಯೆ ಅದೇ, ಠೇವಣಿ ಮಾತ್ರ ಈ ಸಲ 2,000 ರೂಪಾಯಿ.